ಚಳಿಗಾಲಕ್ಕೆ ಬೇರೆ ವೇಗಮಿತಿ ಇರಲಿ

ಸಂಪಾದಕರೇ,

19 ವರ್ಷದಿಂದ ಲಾರಿ ಓಡಿಸುತ್ತಿದ್ದೇನೆ. ಹಿಮ ಬೀಳುವ ಹೆದ್ದಾರಿಯಲ್ಲೂ ಬೇಸಿಗೆಗೆ, ಚಳಿಗಾಲಕ್ಕೆ ಒಂದೇ ವೇಗಮಿತಿ ಯಾಕೆ?

ಹೋದ ಚಳಿಗಾಲ, ಬೆಳಗಿನ ಜಾವ, ಸೇತುವೆ ಮೇಲೆ ನನ್ನ ಲಾರಿ ಜಾರಿತು. ರಸ್ತೆ ಸುಮ್ನೆ ಒದ್ದೆಯಾಗಿದೆ ಅಂದುಕೊಂಡಿದ್ದೆ. ಅದು ಕಣ್ಣಿಗೆ ಕಾಣದಷ್ಟು ತೆಳುವಾದ ಮಂಜುಗಡ್ಡೆ. ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ತಾಗುತ್ತದೆ. ಹಾಗಾಗಿ ಉಳಿದ ರಸ್ತೆಗಿಂತ ಮೊದಲೇ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಗಾಬರಿಯಲ್ಲಿ ಬ್ರೇಕ್ ಅದುಮಿದೆ, ಅದೇ ತಪ್ಪು. ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದು, ಹೋಗಬೇಕಾದ ಕಡೆಗೇ ಸ್ಟೀರಿಂಗ್ ತಿರುಗಿಸಬೇಕಿತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ನನ್ನಿಂದ ಹತ್ತು ಸಲ ರಿವರ್ಸ್ ಹೊಡೆಸಿದರು. ಇದನ್ನು ಮಾತ್ರ ಯಾರೂ ಕಲಿಸಲಿಲ್ಲ!

ಗಂಟೆಗೆ 100 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೇವೆ. ವೇಗ 80ಕ್ಕೆ ಇಳಿದರೆ, ಬ್ರೇಕ್ ಹಾಕಿದ ಮೇಲೆ ಗಾಡಿ ಓಡುವ ದೂರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ತಲುಪುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ ಅಲ್ವಾ?

ಚಳಿಗಾಲದ ತಿಂಗಳುಗಳಲ್ಲಾದರೂ ಮಿತಿ ಇಳಿಸಲಿ. ಲೈಸೆನ್ಸ್ ನವೀಕರಿಸುವಾಗ ಜಾರುವ ನೆಲದ ಮೇಲೆ ಒಂದು ಗಂಟೆ ಗಾಡಿ ಓಡಿಸಲು ಕಲಿಸಲಿ. ನಾನೇ ಮೊದಲು ಹೆಸರು ಕೊಡುತ್ತೇನೆ.

– ಒಬ್ಬ ಲಾರಿ ಚಾಲಕ