ಲೀಡರ್ ಯಾರಮ್ಮ ಅಂತ ಕೇಳಿದರು

ಮಾನ್ಯರೇ,

ಅನ್ಯಾಯಕ್ಕೆ ಎದುರು ನಿಂತವರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿದ್ದ ಎಲ್ಲರಿಗೂ ಒಂದು ಹೆಸರು, ಒಂದು ಫೋಟೋ ಇತ್ತು. ಅವೆರಡೂ ಇಲ್ಲದವರ ವಿಷಯ ನಾನು ಬರೆಯುತ್ತಿದ್ದೇನೆ.

2016ರ ಏಪ್ರಿಲ್ 18, ಸೋಮವಾರ. ಆಗ ನಾನು ಬೊಮ್ಮನಹಳ್ಳಿ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸದಲ್ಲಿದ್ದೆ. ಕೇಂದ್ರ ಸರ್ಕಾರ ಫೆಬ್ರವರಿಯಲ್ಲೇ ಪಿಎಫ್ ರೂಲ್ಸ್ ಬದಲಾಯಿಸಿತ್ತು. ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವ ತನಕ ಕೈಗೆ ಸಿಗುವುದಿಲ್ಲ ಅಂತ. ಆಫೀಸಿನವರಿಗೆ ಇದು ಸಣ್ಣ ಮಾತಿರಬಹುದು. ನಮ್ಮ ಲೈನ್‌ನಲ್ಲಿ 58ರವರೆಗೆ ಮಿಷನ್ ತುಳಿದವರನ್ನು ನಾನು ಒಬ್ಬರನ್ನೂ ನೋಡಿಲ್ಲ. ನಲವತ್ತು ದಾಟುವಷ್ಟರಲ್ಲಿ ಕಣ್ಣು ಮಂಜು, ಸೊಂಟ ಹಿಡಿದಿರುತ್ತದೆ. ಕೆಲಸ ಬಿಟ್ಟು ಪಿಎಫ್ ತೆಗೆದು ಮಗಳ ಮದುವೆಗೋ ಲೀಸ್ ಮನೆಗೋ ಹಾಕುತ್ತೇವೆ. ನಮ್ಮ ಕೈಗೆ ಇಡಿಗಂಟಾಗಿ ಬರುವ ದುಡ್ಡು ಅಂದರೆ ಅದೊಂದೇ.

ಅವತ್ತು ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಹೊಸೂರು ರಸ್ತೆಯ ಟಾರಿನ ಮೇಲೆ ಸುಮ್ನೆ ಕೂತುಬಿಟ್ಟೆವು. ಬಿಸಿಲಿಗೆ ದುಪ್ಪಟ್ಟಾ ತಲೆ ಮೇಲೆ, ಊಟದ ಡಬ್ಬಿ ತೊಡೆ ಮೇಲೆ. ಒಬ್ಬ ಪೊಲೀಸ್ ಬಂದು, "ನಿಮ್ಮ ಲೀಡರ್ ಯಾರಮ್ಮ?" ಅಂದರು. ನನ್ನ ಪಕ್ಕದವಳ ಕೊರಳಲ್ಲಿ ನೂಲು ಕತ್ತರಿಸುವ ಟ್ರಿಮ್ಮರ್ ಇನ್ನೂ ನೇತಾಡುತ್ತಿತ್ತು. "ಯಾರೂ ಇಲ್ಲ ಸಾರ್" ಅಂದಳು. ಅವರು ನಂಬಲಿಲ್ಲ, ಮತ್ತೆ ಕೇಳಿದರು. "ಪಿಎಫ್ ಸಾರ್" ಅಂದಳು. ಸುತ್ತ ಇದ್ದವರೆಲ್ಲ ನಕ್ಕುಬಿಟ್ಟೆವು, ಅವರಿಗೂ ನಗು ಬಂತು.

ಮರುದಿನ ನಗು ಇರಲಿಲ್ಲ. ಜಾಲಹಳ್ಳಿ ಕ್ರಾಸ್, ಪೀಣ್ಯ, ಹೆಬ್ಬಗೋಡಿ, ಎಲ್ಲ ಕಡೆ ಹೆಂಗಸರು ರಸ್ತೆಗೆ ಬಂದಿದ್ದರು. ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಬಸ್ಸುಗಳು ಸುಟ್ಟುಹೋದವು. ಯಾರೇ ಹಚ್ಚಿರಲಿ, ಅದು ತಪ್ಪೇ. ಆದರೆ ಟಿವಿಯವರು ಬೆಂಕಿಯನ್ನೇ ಜಾಸ್ತಿ ತೋರಿಸಿದರು, ಪಿಎಫ್ ವಿಷಯ ಕೆಳಗಿನ ಪಟ್ಟಿಯಲ್ಲಿ ಓಡುತ್ತಿತ್ತು. ಅದೇ ದಿನ ಆಗಿನ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ಆದೇಶ ವಾಪಸ್ ತೆಗೆದುಕೊಂಡರು. ಎರಡೇ ದಿನ, ದೆಹಲಿಯೇ ಹಿಂದೆ ಸರಿಯಿತಲ್ವಾ!

ನಮಗೆ ಎರಡು ದಿನದ ಸಂಬಳ ಕಟ್ ಆಯಿತು. ಆ ಎರಡು ದಿನ ಹೊಲಿಯದೆ ಉಳಿದ ಪೀಸುಗಳನ್ನೂ ಆ ವಾರವೇ ಹೊಲಿಸಿಕೊಂಡರು.

ಈ ಪತ್ರದಲ್ಲಿ ಟ್ರಿಮ್ಮರ್‌ನವಳ ಹೆಸರು ಹಾಕಲಾ ಅಂತ ಮೊನ್ನೆ ಫೋನ್ ಮಾಡಿ ಕೇಳಿದೆ. "ಬೇಡಕ್ಕ, ಇನ್ನೂ ಕೆಲಸಕ್ಕೆ ಹೋಗ್ತಿದ್ದೀನಿ" ಅಂದಳು.

– ಮಾಜಿ ಗಾರ್ಮೆಂಟ್ಸ್ ಕಾರ್ಮಿಕೆ, ಬೊಮ್ಮನಹಳ್ಳಿ, ಬೆಂಗಳೂರು