ಮಾತ್ರೆ ತಿಂದು ಬಂದ ಹುಡುಗನಿಗೆ ರೋಗವೇ ಇಲ್ಲ ಎಂದ ನಿಮ್ಮ ಕಂಪ್ಯೂಟರ್ ಬಗ್ಗೆ ದೂರು

ಗೆ,
ಮ್ಯಾನೇಜಿಂಗ್ ಡೈರೆಕ್ಟರ್ ಅವರು,
ಹೆಡ್ ಆಫೀಸ್, ಬೆಂಗಳೂರು

ಇಂದ,
ಒಬ್ಬ ತಾಯಿ,
ಕೌಲ್ ಬಜಾರ್, ಬಳ್ಳಾರಿ

ವಿಷಯ: ನಿಮ್ಮ ಬಳ್ಳಾರಿ ಕೇಂದ್ರದವರು ನನ್ನ ಮಗನಿಗೆ ಮಾಡಿದ ಕಂಪ್ಯೂಟರ್ ಗಮನ ಪರೀಕ್ಷೆ, ಕೊಟ್ಟ ರಿಪೋರ್ಟ್, ಮತ್ತು ಮಾತ್ರೆ ನಿಲ್ಲಿಸಿ ಎಂದು ಬಾಯಲ್ಲಿ ಹೇಳಿದ ಬಗ್ಗೆ.

ಮಾನ್ಯರೇ,

ಪತ್ರ ಬರೆಯುವ ಮೊದಲು ಫೋನ್ ಮಾಡಿದ್ದೇನೆ. ಒಂದು ಸಲ ಅಲ್ಲ. ಕನ್ನಡಕ್ಕೆ ಎರಡು ಒತ್ತಿ ಅಂದರು, ಒತ್ತಿದೆ, ಆ ಕಡೆಯವರು ಹಿಂದಿಯಲ್ಲಿ ಮಾತಾಡಿದರು. ಬಳ್ಳಾರಿ ಕೇಂದ್ರದವರು ಹೆಡ್ ಆಫೀಸಿಗೆ ಕೇಳಿ ಅನ್ನುತ್ತಾರೆ, ಹೆಡ್ ಆಫೀಸಿನವರು ಕೇಂದ್ರಕ್ಕೆ ಹೋಗಿ ಅನ್ನುತ್ತಾರೆ. ನಿನ್ನೆ ನನ್ನ ಮೊಬೈಲಿಗೆ ಮೆಸೇಜ್ ಬಂತು: ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ. ಯಾರು ಬಗೆಹರಿಸಿದರೋ ನನಗಂತೂ ಹೇಳಿಲ್ಲ. ಅದಕ್ಕೇ ಈಗ ಸ್ಪೀಡ್ ಪೋಸ್ಟಲ್ಲಿ ಕಳಿಸುತ್ತಿದ್ದೇನೆ. ಸಹಿ ಹಾಕಿ ತಗೊಳ್ಳಿ.

ನನ್ನ ಮಗನಿಗೆ ಎಂಟು ವರ್ಷ. ಕನ್ನಡ ಮಾಧ್ಯಮ, ಮೂರನೇ ತರಗತಿ. ಅವನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ ಅವಸರದ ತೊಂದರೆ ಇದೆ ಎಂದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಡಾಕ್ಟರು ಹೋದ ವರ್ಷ ಹೇಳಿದರು. ಸುಮ್ನೆ ಹೇಳಲಿಲ್ಲ. ನನ್ನ ಹತ್ತಿರ ಒಂದು ಪಟ್ಟಿ ತುಂಬಿಸಿದರು, ಶಾಲೆಯ ಮೇಷ್ಟ್ರಿಗೆ ಇನ್ನೊಂದು ಪಟ್ಟಿ ಕಳಿಸಿದರು. ಕಣ್ಣು, ಕಿವಿ ಟೆಸ್ಟ್ ಮಾಡಿಸಿದರು. ರಾತ್ರಿ ನಿದ್ದೆ ಹೇಗೆ, ಹೆರಿಗೆ ಹೇಗಾಯಿತು, ಮನೆಯಲ್ಲಿ ಜಗಳ ಇದೆಯಾ, ಎಲ್ಲ ಕೇಳಿದರು. ಆಮೇಲೇ ಮಾತ್ರೆ. ಮೀಥೈಲ್‌ಫೆನಿಡೇಟ್, ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು. ಒಂದೆರಡು ತಿಂಗಳಲ್ಲಿ ಹುಡುಗ ಮಗ್ಗಿ ಪೂರ್ತಿ ಬರೆದು ತೋರಿಸಿದ. ಮೇಷ್ಟ್ರು ಡೈರಿಯಲ್ಲಿ 'ಗುಡ್' ಅಂತ ಬರೆದು ಕಳಿಸಿದರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ನಿಮ್ಮಲ್ಲಿಗೆ ಬಂದಿದ್ದು ರೋಗ ಇದೆಯಾ ಇಲ್ವಾ ಕೇಳಲಿಕ್ಕೆ ಅಲ್ಲ. ನಿಮ್ಮ ಪಾಂಪ್ಲೆಟ್‌ನಲ್ಲಿ 'ಔಷಧಿಯ ಡೋಸ್ ಸರಿ ಇದೆಯೇ? ಕಂಪ್ಯೂಟರ್ ಹೇಳುತ್ತದೆ!' ಅಂತ ದಪ್ಪ ಅಕ್ಷರದಲ್ಲಿತ್ತು. ನಮ್ಮ ಡಾಕ್ಟರು ಆಗ ರಜೆಯಲ್ಲಿದ್ದರು. ಮಧ್ಯಾಹ್ನದ ಮೇಲೆ ಹುಡುಗ ಮತ್ತೆ ಗಲಾಟೆ ಮಾಡುತ್ತಿದ್ದ, ಡೋಸ್ ಸಾಲುತ್ತಿಲ್ಲವೇನೋ ಎಂಬ ಯೋಚನೆ ಇತ್ತು. 4,500 ರೂಪಾಯಿ ಕಟ್ಟಿದೆ. ಜೀನ್ಸ್ ಯೂನಿಟ್‌ನಲ್ಲಿ ಚೆಕ್ಕಿಂಗ್ ಮಾಡುವವಳಿಗೆ ಅದು ಸಣ್ಣ ದುಡ್ಡಲ್ಲ. ಇರಲಿ, ಅದನ್ನು ಆಮೇಲೆ ನೋಡೋಣ.

ನಿಮ್ಮದೇ ಫಾರಂ. ಎರಡನೇ ಪುಟದಲ್ಲಿ ಕೇಳಿದ್ದೀರಿ: 'ಮಗು ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದೆಯೇ? ಇವತ್ತು ತೆಗೆದುಕೊಂಡಿದೆಯೇ? ಎಷ್ಟು ಗಂಟೆಗೆ?' ಮೂರಕ್ಕೂ ಬರೆದಿದ್ದೇನೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಬೆಳಿಗ್ಗೆ ಎಂಟು ಗಂಟೆ. ಅದರ ಕೆಳಗೆ ನಿಮ್ಮ ಹುಡುಗಿಯ ಸಹಿ ಇದೆ, ಸೀಲ್ ಇದೆ. ಅದೇ ಫಾರಂನ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ: ಈ ಪರೀಕ್ಷೆಯೊಂದರಿಂದಲೇ ರೋಗ ನಿರ್ಧಾರ ಮಾಡಬಾರದು, ವೈದ್ಯರ ಸಲಹೆ ಇಲ್ಲದೆ ಔಷಧಿ ಬದಲಿಸಬಾರದು. ಇದು ನಿಮ್ಮ ನಿಯಮ, ನಾನು ಮಾಡಿದ್ದಲ್ಲ. ನಿಮ್ಮವರು ಓದಿರುತ್ತಾರೆ ಎಂದುಕೊಂಡಿದ್ದೆ.

ಪರೀಕ್ಷೆ ಏನಪ್ಪಾ ಅಂದರೆ, ಪರದೆ ಮೇಲೆ ಇಂಗ್ಲಿಷ್ ಅಕ್ಷರ ಒಂದೊಂದಾಗಿ ಬರುತ್ತದೆ. ಬಂದ ಕೂಡಲೇ ಸ್ಪೇಸ್ ಬಾರ್ ಒತ್ತಬೇಕು. ಎಕ್ಸ್ ಬಂದರೆ ಮಾತ್ರ ಕೈ ಬಿಗಿ ಹಿಡಿಯಬೇಕು. ಕಾಲು ಗಂಟೆ ಅದೇ ಕೆಲಸ. ಒತ್ತಬೇಕಾದಾಗ ಒತ್ತದಿದ್ದರೆ ಗಮನ ತಪ್ಪಿತು ಅಂತ ಲೆಕ್ಕ, ಒತ್ತಬಾರದಾಗ ಒತ್ತಿದರೆ ಅವಸರ ಅಂತ ಲೆಕ್ಕ. ಬೆರಳು ಒಂದೊಂದು ಸಲಕ್ಕೆ ಎಷ್ಟು ತಡ ಮಾಡಿತು ಎಂಬುದೂ ಸೇರುತ್ತದೆ. ಸೂಚನೆ ಪೂರ್ತಿ ಇಂಗ್ಲಿಷಲ್ಲಿ ಬಂತು, ನಿಮ್ಮ ಹುಡುಗಿ ತೆಲುಗಿನಲ್ಲಿ ತಿಳಿಸಿ ಹೇಳಿದಳು, ಪಾಪ ಒಳ್ಳೆಯವಳು. ನಡುವೆ ಕರೆಂಟ್ ಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಅಂದರೆ ನನ್ನ ಮಗನಿಗೆ ಒಂದು ರಿಹರ್ಸಲ್ ಫ್ರೀ ಸಿಕ್ಕಿತು. ರಿಪೋರ್ಟಿನಲ್ಲಿ ಕರೆಂಟ್ ಹೋದ ಮಾತೇ ಇಲ್ಲ.

ಈಗ ನಿಮ್ಮ ಟೈ ಕಟ್ಟಿದ ಕೌನ್ಸೆಲರ್ ಸಾಹೇಬರ ವಿಷಯಕ್ಕೆ ಬರುತ್ತೇನೆ. ಇದನ್ನು ಪೂರ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದಿ.

ಒಳಗೆ ಕರೆದು ಕೂರಿಸಿ ಹೇಳಬಹುದಿತ್ತು. ರಿಸೆಪ್ಷನ್ ಟೇಬಲ್ ಹತ್ತಿರವೇ ನಿಂತುಕೊಂಡು ಹೇಳಿದರು. ಹಿಂದೆ ಬೆಂಚಿನಲ್ಲಿ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಕೂತಿದ್ದರು. ನಮ್ಮ ಅತ್ತೆ ನನ್ನ ಪಕ್ಕದಲ್ಲಿದ್ದರು. ಮಗ ತಿರುಗೋ ಕುರ್ಚಿಯಲ್ಲಿ ಕೂತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುತ್ತಿದ್ದ.

ಸಾಹೇಬರು ಹಾಳೆ ಎತ್ತಿ ತೋರಿಸಿದರು. "ನೋಡಿ ಅಮ್ಮಾ, ಎಲ್ಲ ಹಸಿರು. ನಾರ್ಮಲ್. ಎಡಿಎಚ್‌ಡಿ ಇಲ್ಲವೇ ಇಲ್ಲ."

ನಾನು ಹೇಳಿದೆ, "ಸಾರ್, ಬೆಳಿಗ್ಗೆ ಮಾತ್ರೆ ತಿಂದು ಬಂದಿದ್ದಾನೆ. ಫಾರಂನಲ್ಲಿ ಬರೆದಿದ್ದೇನಲ್ಲ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮಾ. ಮಷಿನ್ ಡೈರೆಕ್ಟಾಗಿ ಮೆದುಳನ್ನೇ ನೋಡುತ್ತೆ."

ಮೆದುಳು ನೋಡುತ್ತದಂತೆ! ತಲೆಗೆ ಒಂದು ವೈರ್ ಹಚ್ಚಿರಲಿಲ್ಲ. ಸ್ಪೇಸ್ ಬಾರ್ ಒತ್ತಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

"ಸಾರ್, ಮಾತ್ರೆ ಕೆಲಸ ಮಾಡಿದ್ದಕ್ಕೇ ಹಸಿರು ಬಂದಿರಬಹುದಲ್ಲ?" ಎಂದು ಕೇಳಿದೆ.

ಅವರು ನಕ್ಕರು. ಬೆಂಚಿನ ಮೇಲಿದ್ದವರ ಕಡೆ ನೋಡಿ ನಕ್ಕರು. "ನೀವು ಎಷ್ಟು ಓದಿದ್ದೀರಿ?"

"ಎಸ್ಸೆಸ್ಸೆಲ್ಸಿ."

"ಹಾಗಾದ್ರೆ ಬಿಡಿ, ಗ್ರಾಫ್ ನಿಮಗೆ ಅರ್ಥ ಆಗಲ್ಲ. ನೀವು ಮನೇಲಿ ಮೊಬೈಲ್ ಕೊಡ್ತೀರಾ?"

"ಸ್ವಲ್ಪ ಹೊತ್ತು ಕೊಡ್ತೀನಿ."

"ಅಲ್ಲೇ ಇರೋದು ನೋಡಿ ಪ್ರಾಬ್ಲಂ. ತಾಯಿ ಕೆಲಸಕ್ಕೆ ಹೋಗೋದು, ಹುಡುಗನಿಗೆ ಮೊಬೈಲ್ ಕೊಡೋದು, ಆಮೇಲೆ ರೋಗ ಅಂತ ಮಾತ್ರೆ ತಿನ್ನಿಸೋದು. ಆ ಮಾತ್ರೆ ಇವತ್ತೇ ನಿಲ್ಲಿಸಿ."

ನಮ್ಮ ಅತ್ತೆಗೆ ಇಷ್ಟೇ ಬೇಕಿತ್ತು. "ನಾನು ಅವತ್ತೇ ಹೇಳ್ಲಿಲ್ಲ? ಹುಡುಗನಿಗೆ ಏನೂ ಇಲ್ಲ, ಇವಳಿಗೇ ತಲೆ ಕೆಟ್ಟೈತೆ ಅಂತ?" ಎಂದು ಎಲ್ಲರ ಮುಂದೆ ಅಂದರು. ನಿಮ್ಮ ಸಾಹೇಬರು ತಲೆ ಆಡಿಸಿದರು. "ಅಜ್ಜಿಗೆ ಗೊತ್ತಿರೋದು ತಾಯಿಗೆ ಗೊತ್ತಿಲ್ಲ ನೋಡಿ" ಎಂದರು. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಅಲ್ಲಿಗೂ ಮುಗಿಯಲಿಲ್ಲ. ಡ್ರಾಯರ್ ಎಳೆದು ಇನ್ನೊಂದು ಹಾಳೆ ತೆಗೆದರು. ಗಮನ ಹೆಚ್ಚಿಸುವ ಕಂಪ್ಯೂಟರ್ ಗೇಮ್ ಪ್ಯಾಕೇಜ್, 18,000 ರೂಪಾಯಿ, ಇವತ್ತೇ ಕಟ್ಟಿದರೆ ಡಿಸ್ಕೌಂಟ್. ರೋಗ ಇಲ್ಲ, ಮೊಬೈಲ್ ನೋಡಬಾರದು, ಆದರೆ ದುಡ್ಡು ಕೊಟ್ಟು ನಿಮ್ಮ ಕಂಪ್ಯೂಟರ್ ನೋಡಬೇಕು. ಎಸ್ಸೆಸ್ಸೆಲ್ಸಿ ಓದಿದವಳಿಗೆ ಈ ಗ್ರಾಫೂ ಅರ್ಥ ಆಗಲಿಲ್ಲ ಸಾರ್.

ನಾನು ಸಂಯಮದಿಂದಲೇ ಬರೆಯಬೇಕು ಅಂತ ಕೂತಿದ್ದೆ. ಸರಿ, ವಿಷಯಕ್ಕೆ ಬರುತ್ತೇನೆ.

ನನ್ನ ತಮ್ಮ ನರ್ಸಿಂಗ್ ಓದುತ್ತಿದ್ದಾನೆ. ರಜೆ ಮುಗಿಸಿ ಬಂದ ನಮ್ಮ ಡಾಕ್ಟರ ಹತ್ತಿರ ಅವನನ್ನೂ ಕರೆದುಕೊಂಡು ಹೋಗಿದ್ದೆ. ಇಬ್ಬರೂ ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಇಂಥ ಗುಂಡಿ ಒತ್ತುವ ಪರೀಕ್ಷೆ ಹೊಸದೇನೂ ಅಲ್ಲ. ಅಮೆರಿಕದಲ್ಲಿ ರೋಸ್‌ವೋಲ್ಡ್ ಎಂಬವರು ಮತ್ತು ಅವರ ಜೊತೆಯವರು 1956ರಲ್ಲೇ ಮಾಡಿದ್ದು, ಅದೂ ಮೆದುಳಿಗೆ ಪೆಟ್ಟಾದವರ ಗಮನ ಅಳೆಯಲಿಕ್ಕೆ. ಮೀಥೈಲ್‌ಫೆನಿಡೇಟ್ ತಗೊಂಡ ಮಗು ಇದರಲ್ಲಿ ಚೆನ್ನಾಗಿ ಮಾಡುವುದು ಡಾಕ್ಟರುಗಳಿಗೆ ಹಳೇ ವಿಷಯ. ಡೋಸ್ ನೋಡಬೇಕಾದರೆ ಮಾತ್ರೆ ಇಲ್ಲದೆ ಒಂದು ಸಲ, ಮಾತ್ರೆ ತಗೊಂಡು ಇನ್ನೊಂದು ಸಲ ಮಾಡಿ ಹೋಲಿಸಬೇಕು. ಆಗಲೂ ತರಗತಿಯಲ್ಲಿ ಹುಡುಗ ಹೇಗಿದ್ದಾನೆ ಅಂತ ಮೇಷ್ಟ್ರನ್ನು ಕೇಳಲೇಬೇಕು. ನೀವು ಮಾಡಿದ್ದು ಒಂದೇ ಸಲ, ಅದೂ ಮಾತ್ರೆ ತಿಂದ ಮೇಲೆ. ಬಂದ ಹಸಿರು ಬಣ್ಣ 'ಮಾತ್ರೆ ಕೆಲಸ ಮಾಡುತ್ತಿದೆ' ಅಂದಿತು. ನಿಮ್ಮವರು ಅದನ್ನು 'ಮಾತ್ರೆ ಬೇಡ' ಅಂತ ಓದಿದರು.

ಇನ್ನೊಂದು ಮಾತು. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳು ಇಂಥ ಪರೀಕ್ಷೆ ಮಾತ್ರೆ ಇಲ್ಲದೆಯೂ ಪಾಸಾಗುತ್ತಾರಂತೆ. ಹೊಸ ಕೋಣೆ, ಎದುರಿಗೆ ಕಂಪ್ಯೂಟರ್, ಪಕ್ಕದಲ್ಲಿ ಒಬ್ಬ ಅಕ್ಕ ಕೂತಿದ್ದಾಳೆ, ಸ್ವಲ್ಪ ಹೊತ್ತು ನಿಭಾಯಿಸಿಬಿಡುತ್ತಾರೆ. ಹೆದರಿದ ಮಗು, ನಿದ್ದೆಗೆಟ್ಟ ಮಗು, ಎಡಿಎಚ್‌ಡಿ ಇಲ್ಲದಿದ್ದರೂ ಫೇಲಾಗುತ್ತದೆ. ಅದಕ್ಕೇ ಡಾಕ್ಟರುಗಳು ಬಳಸುವ 2013ರ ಡಿಎಸ್‌ಎಂ-5 ಎಂಬ ಮನೋರೋಗ ಕೈಪಿಡಿಯ ನಿಯಮದಲ್ಲಿ ಕಂಪ್ಯೂಟರ್ ಅಂಕದ ಮಾತಿಲ್ಲ. ಗಮನದ್ದು ಒಂಬತ್ತು ಲಕ್ಷಣ, ಚಡಪಡಿಕೆ ಅವಸರದ್ದು ಒಂಬತ್ತು. ಮಕ್ಕಳಲ್ಲಿ ಒಂದು ಗುಂಪಿನ ಆರಾದರೂ ಆರು ತಿಂಗಳು ಕಾಣಬೇಕು, 12 ವರ್ಷಕ್ಕೆ ಮೊದಲು ಶುರುವಾಗಿರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಚಿಕಿತ್ಸೆ ಹೇಗಿರಬೇಕು ಎಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆ 2024ರಲ್ಲಿ ಇಂಥದ್ದೇ ಒಂದು ಕಂಪ್ಯೂಟರ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು, ನಿಜ. ಆದರೆ ಡಾಕ್ಟರ ತಪಾಸಣೆಯ ಜೊತೆಗೆ ಸಹಾಯಕ್ಕೆ ಮಾತ್ರ, ಅದರ ಬದಲಿಗೆ ಅಲ್ಲ. ನಿಮ್ಮವರು ಮೇಷ್ಟ್ರಿಗೆ ಒಂದು ಫೋನ್ ಮಾಡಲಿಲ್ಲ. ನಮ್ಮ ಯೂನಿಟ್ಟಿನಲ್ಲಿ ಒಂದೇ ಕಾಲು ನೋಡಿ ಪ್ಯಾಂಟು ಪಾಸ್ ಮಾಡಿದರೆ ಮೇಸ್ತ್ರಿ ಅವತ್ತಿನ ಕೂಲಿ ಹಿಡಿಯುತ್ತಾನೆ.

ಈ ಮಾತ್ರೆ ನಮ್ಮ ದೇಶದಲ್ಲಿ ಷೆಡ್ಯೂಲ್ ಎಕ್ಸ್ ಎಂಬ ಬಿಗಿ ನಿಯಮದ ಔಷಧಿ ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ ಎರಡು ಪ್ರತಿ ಇಲ್ಲದೆ ಮೆಡಿಕಲ್ ಶಾಪಿನವರು ಕೊಡುವುದಿಲ್ಲ, ಒಂದನ್ನು ಅವರೇ ಇಟ್ಟುಕೊಳ್ಳುತ್ತಾರೆ. ಕಾನೂನು ಇಷ್ಟು ಬಿಗಿಯಾಗಿರುವ ಮಾತ್ರೆಯನ್ನು ನಿಮ್ಮ ಸಾಹೇಬರು ನಿಂತಲ್ಲೇ, ಬಾಯಲ್ಲೇ ನಿಲ್ಲಿಸಿದರು. ಅವರು ಡಾಕ್ಟರಾ? ಕ್ಲಿನಿಕಲ್ ಸೈಕಾಲಜಿಸ್ಟಾ? ಹಾಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಇರಬೇಕಲ್ಲ. ರಿಪೋರ್ಟಿನಲ್ಲಿ ಸಹಿ ಇದೆ, ನಂಬರ್ ಇಲ್ಲ.

ಆಮೇಲೆ ಮನೆಯಲ್ಲಿ ಏನಾಯಿತು ಅಂದರೆ, ಅತ್ತೆ ನಿಮ್ಮ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿಸಿದರು. ನಿಜವಾಗಿಯೂ. ದೇವರ ಫೋಟೋ ಪಕ್ಕದಲ್ಲಿ ಮೊಳೆ ಹೊಡೆದು ಹಾಕಿದ್ದಾರೆ. ನಮ್ಮ ಮನೆಯವರು "ಕಂಪ್ಯೂಟರೇ ಹೇಳಿದೆಯಲ್ಲ" ಎಂದು ಮಾತ್ರೆ ಡಬ್ಬಿ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮುಂದಿನ ವಾರವೇ ಹುಡುಗ ಶಾಲೆಯ ಕಾಂಪೌಂಡ್ ಹಾರಿ ರಸ್ತೆಗೆ ಬಂದಿದ್ದ, ಲಾರಿ ನೋಡಲಿಕ್ಕಂತೆ. ಗೋಬಿ ಬಂಡಿಯವರೊಬ್ಬರು ಹಿಡಿದು ತಂದು ಬಿಟ್ಟರು, ಅವರ ಹೊಟ್ಟೆ ತಣ್ಣಗಿರಲಿ. ಡಾಕ್ಟರು ಈಗ ಮತ್ತೆ ಮಾತ್ರೆ ಶುರು ಮಾಡಿದ್ದಾರೆ. ಆದರೆ ಮನೆಯಲ್ಲಿ ದಿನಾ ಬೆಳಿಗ್ಗೆ ಮಾತ್ರೆ ಕೊಡುವಾಗ ಒಂದು ಪಂಚಾಯಿತಿ, ಗೋಡೆ ಮೇಲಿನ ಹಸಿರು ಹಾಳೆ ತೋರಿಸಿ. ಡಾಕ್ಟರ ಕೈಬರಹಕ್ಕಿಂತ ನಿಮ್ಮ ಕಲರ್ ಪ್ರಿಂಟಿಗೆ ನಮ್ಮ ಮನೆಯಲ್ಲಿ ಬೆಲೆ ಜಾಸ್ತಿ.

ಹಾಗಾಗಿ ನನಗೆ ಅಂಥದ್ದೇ ಇನ್ನೊಂದು ಕಲರ್ ಪ್ರಿಂಟ್ ಬೇಕು. ನಿಮ್ಮ ಲೆಟರ್‌ಹೆಡ್ಡಿನಲ್ಲಿ, ಕನ್ನಡದಲ್ಲಿ: ಈ ಪರೀಕ್ಷೆಯನ್ನು ಮಾತ್ರೆ ತೆಗೆದುಕೊಂಡ ಮೇಲೆ ಮಾಡಲಾಗಿದೆ, ನಡುವೆ ಕರೆಂಟ್ ಹೋಗಿ ಮತ್ತೆ ಮೊದಲಿನಿಂದ ಮಾಡಲಾಗಿದೆ, ಇದರಿಂದ ಎಡಿಎಚ್‌ಡಿ ಇಲ್ಲ ಎಂದು ಹೇಳಲು ಬರುವುದಿಲ್ಲ, ಮಾತ್ರೆ ನಿಲ್ಲಿಸಿ ಎಂದಿದ್ದು ತಪ್ಪು. ಅಕ್ಷರ ದಪ್ಪ ಇರಲಿ, ನಿಮ್ಮ ಪಾಂಪ್ಲೆಟ್‌ನಷ್ಟು. 4,500 ರೂಪಾಯಿ ವಾಪಸ್ ಬೇಕು. ಪರೀಕ್ಷೆಯ ಪೂರ್ತಿ ಅಂಕಿ ಅಂಶದ ಪ್ರತಿ ಬೇಕು. ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರಿಗೆ 2002ರಿಂದಲೇ ನಿಯಮ ಇದೆ. ನಮ್ಮಲ್ಲಿ ವೈದ್ಯರೇ ಇಲ್ಲ, ಆ ನಿಯಮ ನಮಗೆ ಬರಲ್ಲ ಅಂತೀರಾ? ಹಾಗಾದರೆ ಅದನ್ನೇ ಬರೆದು ಕೊಡಿ, ಇನ್ನೂ ಒಳ್ಳೆಯದು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಫೋನ್ ಮಾಡುವುದಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ನೋಂದಣಿ ಪತ್ರ ಮತ್ತು ದರಪಟ್ಟಿ ಕಾಣುವ ಹಾಗೆ ಹಾಕಬೇಕು ಅನ್ನುವುದೂ ಅದೇ ಕಾಯ್ದೆ. ನಿಮ್ಮ ಗೋಡೆಯಲ್ಲಿ ನಗುವ ಮಕ್ಕಳ ಪೋಸ್ಟರ್ ಬಿಟ್ಟು ಬೇರೇನೂ ಕಾಣಲಿಲ್ಲ. ದುಡ್ಡು ತಗೊಂಡು ಮಾಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಬಳ್ಳಾರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಇಷ್ಟು ಸಣ್ಣ ಮೊತ್ತಕ್ಕೆ ಫೀಸೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಆಗಲೇ ಫೋನ್ ಮಾಡಿ ವಿಚಾರಿಸಿದ್ದೇನೆ. ಅವರು ಕನ್ನಡದಲ್ಲೇ ಮಾತಾಡಿದರು.

ಮುಂದಿನ ತಿಂಗಳು ನಮ್ಮ ಕಡೆಯ ಶಾಲೆಗಳಲ್ಲಿ ನಿಮ್ಮ ಉಚಿತ ಕ್ಯಾಂಪ್ ಇದೆಯಂತೆ, ಬ್ಯಾನರ್ ನೋಡಿದೆ. ಉತ್ತರ ಬರದಿದ್ದರೆ ಈ ಪತ್ರದ ಜೆರಾಕ್ಸ್ ಪ್ರತಿ ಹೆಡ್ಮಾಸ್ಟರಿಗೂ ಹೋಗುತ್ತದೆ. ಕ್ಯಾಂಪಿನ ದಿನ ನಾನೇ ಗೇಟಿನ ಹತ್ತಿರ ಇರುತ್ತೇನೆ. ಯೂನಿಟ್ಟಿಗೆ ರಜೆ ಹಾಕಿ ಬರುತ್ತೇನೆ, ಜೊತೆಗೆ ಚೆಕ್ಕಿಂಗ್ ಹೆಂಗಸರೂ ಬರುತ್ತಾರೆ. ನಿಮ್ಮ ಟೈ ಸಾಹೇಬರನ್ನು ತಪ್ಪದೆ ಕಳಿಸಿ. ನಾನು ಎಷ್ಟು ಓದಿದ್ದೇನೆ ಅಂತ ಅಲ್ಲೂ ಎಲ್ಲರ ಮುಂದೆ ಕೇಳಲಿ.

ಇಂತಿ,
ಫಾರಂನ ಎರಡನೇ ಪುಟ ಪೂರ್ತಿ ತುಂಬಿದ ತಾಯಿ