ಹಲಗಿ ಒಂದೇ ಇರಲಿ

ಸಪ್ತಾಪುರ, ಧಾರವಾಡ

ಚಿರಂಜೀವಿ ತಮ್ಮಾಗ ನಿನ್ನ ಕಾಕಾನ ಅನೇಕ ಆಶೀರ್ವಾದಗಳು. ಇತ್ತ ಎಲ್ಲಾರೂ ಕ್ಷೇಮ. ಅತ್ತ ನಿಮ್ಮೆಲ್ಲಾರ ಕ್ಷೇಮಕ್ಕ ಬರೀತಿರು.

ಹುಬ್ಬಳ್ಳ್ಯಾಗ ನಿಮ್ಮ ಫುಟ್‌ಬಾಲ್ ಟೀಮಿನ ಮ್ಯಾಚಿಗೆ ನಲವತ್ತು ಹುಡುಗರು ಕೂಡಿ ಹಾಡು ಹೇಳೂದು ಅಂತ ಮಾಡೀರಿ, ಡಿಜೆ ಬಾಡಿಗಿಗೆ ತರತೀರಿ, ಯಾವ ಯಾವ ಹಾಡು ಹಚ್ಚಬೇಕು ಅಂತ ಪಟ್ಟಿ ಕೇಳೀದಿ. ಪಟ್ಟಿ ಕೊಡೂದಿಲ್ಲ. ಡಿಜೆ ತರಬ್ಯಾಡ್ರಿ ಅಂತ ಮೊದಲ ಹೇಳ್ತೀನಿ, ಯಾಕ ಅನ್ನೂದನ್ನೂ ಹೇಳ್ತೀನಿ.

ರೆಕಾರ್ಡಿನ ಹಾಡು ಮೂರು-ನಾಲ್ಕು ಮಿನಿಟು ತನ್ನ ಪಾಡಿಗೆ ತಾ ಓಡ್ತದ. ಆಟ ನಾಲ್ಕು ಸೆಕೆಂಡಿನ್ಯಾಗ ತಿರುಗ್ತದ. ನಿಮ್ಮ ವಿಂಗರ್ ಗೆರಿ ಹಿಡದು ಓಡಿದಾಗ ದನಿ ಏರಬೇಕು, ಚೆಂಡು ಹೊರಗ ಹೋದಾಗ ಇಳೀಬೇಕು, ಯಾವನರೆ ಮೊಣಕಾಲು ಹಿಡಕೊಂಡು ಬಿದ್ದನಂದ್ರ ತಟ್ಟನ ನಿಲ್ಲಬೇಕು. ಇದು ಪೆಟ್ಟಿಗಿಗೆ ಬರೂದಿಲ್ಲ, ಮಂದಿಗೆ ಬರ್ತದ. ಅದೂ ಅಲ್ಲದ ಪೆಟ್ಟಿಗಿ ಒದರಲಿಕ್ಕೆ ಹತ್ತಿತಂದ್ರ ಮಂದಿ ಬಾಯಿ ಮುಚ್ಚಿ ಮೊಬೈಲ್ ತಗೀತಾರ. ತಂದೇ ತರತೀವಿ ಅಂದ್ರ ಆಟ ಸುರು ಆಗೂ ಮುಂಚೆ ಹಚ್ಚರಿ, ಹಾಫ್ ಟೈಮಿನ 15 ಮಿನಿಟಿನ್ಯಾಗ ಹಚ್ಚರಿ, ರೆಫರಿ ಸೀಟಿ ಊದೂಕಿಂತ ಒಂದು ಮಿನಿಟು ಮೊದಲ ಬಂದ್ ಮಾಡ್ರಿ. ಪೊಲೀಸರ ಪರವಾನಗಿ ಬೇಕು, ರಾತ್ರಿ 10ರ ಮ್ಯಾಲ ಹಚ್ಚಾಂಗಿಲ್ಲ, ಅದು ನೆನಪಿರಲಿ.

ಇನ್ನ ಹಲಗಿ, ಅಂದ್ರ ಆ ತಮಟಿಯಂಥಾ ವಾದ್ಯದ ಮಾತು. ನಾಲ್ಕು ಮಂದಿ ನಾಲ್ಕು ಕಡೆ ಹಲಗಿ ಹಿಡದು ಕೂಡ್ತೀವಿ ಅಂತ ಬರದೀದಿ. ಎಲ್ಲಾ ಮೇಳ ಕೆಡೂದು ಇಲ್ಲೇ. ಲೆಕ್ಕಾ ಹಾಕಿ ನೋಡು. ಮೈದಾನದ ಉದ್ದ 100 ಮೀಟರಿನ ಆಸುಪಾಸು. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತದ. ಅಂದ್ರ ಈ ಕೊನಿಯ ಪೆಟ್ಟು ಆ ಕೊನಿ ಮುಟ್ಟಲಿಕ್ಕೆ ಹೆಚ್ಚು ಕಡಿಮಿ 0.3 ಸೆಕೆಂಡು. ಮಿನಿಟಿಗೆ 100 ಪೆಟ್ಟಿನ ಲಯ ಹಿಡದ್ರ ಒಂದು ಪೆಟ್ಟಿಗೆ 0.6 ಸೆಕೆಂಡು. ಆ ಕೊನ್ಯಾಗ ಕೂತವರಿಗೆ ನಿನ್ನ ಪೆಟ್ಟು ಅರ್ಧ ಮಾತ್ರಾ ತಡಾ ಆಗಿ ಕೇಳ್ತದ, ಅವರು ಅದನ್ನ ಕೇಳಿ ಹೊಡದ ಚಪ್ಪಾಳಿ ತಿರುಗಿ ನಿನಗ ಮುಟ್ಟೂದ್ರಾಗ ಪೂರಾ ಒಂದು ಪೆಟ್ಟು ಹಿಂದ ಬಿದ್ದಿರ್ತದ. ನೀನು ಅವರ ಸಲುವಾಗಿ ನಿಧಾನ ಮಾಡ್ತಿ, ಅವರು ನಿನ್ನ ಸಲುವಾಗಿ ಇನ್ನಷ್ಟು ನಿಧಾನ ಮಾಡ್ತಾರ, ಹಾಡು ಎಳದಾಡಿ ಸಾಯ್ತದ. ಯಾರದೂ ತಪ್ಪಲ್ಲ ಅದು, ಗಾಳಿಯ ಗುಣ.

ಅದಕ್ಕ ಹಲಗಿ ಒಂದೇ ಇರಲಿ, ನಡುವ ಇರಲಿ. ನಲವತ್ತೂ ಮಂದಿ 15-20 ಮೀಟರಿನ ಒಳಗ ಒತ್ತೊತ್ತಾಗಿ ನಿಲ್ಲರಿ. ಹಲಗಿಯವ ಎರಡು ಮೆಟ್ಟಲು ಮ್ಯಾಲ ನಿಲ್ಲಲಿ, ಕೋಲು ತಲಿಗಿಂತ ಮ್ಯಾಲ ಎತ್ತಿ ಹೊಡೀಲಿ. ದೂರ ಇದ್ದವರು ಸದ್ದು ಕೇಳಿ ಹೊಡೀಬಾರದು, ಅವನ ಕೈ ನೋಡಿ ಹೊಡೀಬೇಕು. ಬೆಳಕಿಗೆ ತಡಾ ಇಲ್ಲ. ಇಟಲಿ, ಜರ್ಮನಿ ಕಡೆ ಮೇಳ ನಡಸಾವ ಆಟಕ್ಕ ಬೆನ್ನು ಮಾಡಿ ಮಂದಿ ಕಡೆ ಮಾರಿ ಮಾಡಿ ನಿಲ್ಲತಾನ. ನೀವೂ ಹಂಗ ಮಾಡೋದಾದ್ರ ಅವನ ಬಾಜೂಕ ಇನ್ನೊಬ್ಬ ಆಟ ನೋಡಾವ ಇರಲಿ. 'ಕಾರ್ನರ್', 'ನಮ್ಮ ಫ್ರೀ ಕಿಕ್', 'ನಿಲ್ಲಸು' ಅಂತ ಹೇಳಿಕೋತ ಇರೂದೇ ಅವನ ಕೆಲಸ. ಈ ಕೆಲಸಕ್ಕ ದನಿ ಇದ್ದವನ್ನ ಹಾಕಬ್ಯಾಡ್ರಿ, ಆಫ್‌ಸೈಡಿನಂಥಾ ಆಟದ ನಿಯಮ ತಿಳದವನ್ನ ಹಾಕ್ರಿ.

ಚರ್ಮದ ಹಲಗಿ ಇದ್ರ ಮಳಿಗಾಲದಾಗ ಜ್ವಾಕಿ. ನಮ್ಮ ಧಾರವಾಡದ ಜಿಟಿಜಿಟಿ ಮಳಿಗೆ ಚರ್ಮ ನೀರು ಹೀರಿ ಸಡಲಾಗಿ, 'ಠಣ್' ಅನ್ನಬೇಕಾದ್ದು 'ಬದ್' ಅಂತದ. ಗೇಟಿನ ಹೊರಗನ ಒಣ ಹುಲ್ಲು ಇಲ್ಲಾ ರದ್ದಿ ಹಚ್ಚಿ ಕಾಸಿಕೊಂಡು ಹೋಗ್ರಿ, ಒಳಗ ಬೆಂಕಿ ಹಚ್ಚಲಿಕ್ಕೆ ಬಿಡೂದಿಲ್ಲ. ಬೆಂಕಿಯಿಂದ ಒಂದು ಮೊಳ ದೂರ ಹಿಡದು ತಿರುಗಿಸ್ತಿರಬೇಕು. ಒಂದೇ ಕಡೆ ಕಾದ್ರ ಅಂಚಿನ್ಯಾಗ ಬಿರಕು ಬಿಡ್ತದ. ಕಾದ ಮ್ಯಾಲ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಒಯ್ಯರಿ. ಫೈಬರ್ ಹಾಳಿಯ ಹಲಗಿ ಇನ್ನೊಂದು ಸಂಗಾಟ ಇದ್ರ ಮಳಿಗೆ ಚಿಂತಿ ಇಲ್ಲ, ಸದ್ದು ಮಾತ್ರ ತುಸು ತೆಳ್ಳಗ. ಹೋಳಿ ಹುಣ್ಣಿವಿಯ ದೊಡ್ಡ ವಾದ್ಯ ಜಗ್ಗಲಗಿ ಒಂದು ಸಿಕ್ಕರ ಗೋಲು ಬಿದ್ದಾಗಷ್ಟ ಬಾರಸ್ರಿ. ಅದರ ಗುಮ್ಮು ಉದ್ದ, ಲಯ ಹಿಡದು ಹಾಡಿಸ್ಲಿಕ್ಕೆ ಬರೂದಿಲ್ಲ, ಒಂದು ಪೆಟ್ಟಿನ ಗುಂಗು ಮುಗಿಯೂದ್ರಾಗ ಇನ್ನೊಂದು ಬಂದು ಕಲಸಿ ಹೋಗ್ತದ.

ಈಗ ಧಾಟಿಯ ಮಾತು. ಧಾಟಿ ಎಲ್ಲಿಂದರೆ ಬರಲಿ, ನಾಚಿಕಿ ಬ್ಯಾಡ. ಜಗತ್ತಿನ ಗ್ಯಾಲರಿಗಳೆಲ್ಲಾ ಹಾಂಗ ಮಾಡ್ಯಾವ. ಲಿವರ್‌ಪೂಲಿನ ಮಂದಿ ಆಟಕ್ಕ ಮೊದಲ ಶಾಲು ಎತ್ತಿ ಹಾಡೂ 'ಯೂ ವಿಲ್ ನೆವರ್ ವಾಕ್ ಅಲೋನ್' ಹಾಡು 1945ರಾಗ ಅಮೆರಿಕಾದ ಒಂದು ಸಂಗೀತ ನಾಟಕಕ್ಕ ಕಟ್ಟಿದ್ದು. 1963ರಾಗ ಅದೇ ಊರಿನ ಒಂದು ಬ್ಯಾಂಡು ಹಾಡಿ ಅದು ಮನಿಮನಿಯ ಹಾಡಾತು, ಮೈದಾನಕ್ಕ ಬಂದು ಕೂತಿತು. ಇನ್ನೊಂದು, ನಿನಗೂ ಗೊತ್ತಿರೂದು, 2003ರಾಗ ವೈಟ್ ಸ್ಟ್ರೈಪ್ಸ್ ಅನ್ನೂ ಅಮೆರಿಕಾದ ಜೋಡಿ ಹಾಡಿದ 'ಸೆವೆನ್ ನೇಷನ್ ಆರ್ಮಿ'. ಅದೇ ವರ್ಷ ಬೆಲ್ಜಿಯಮ್ಮಿನ ಬ್ರೂಜ್ ಟೀಮಿನ ಅಭಿಮಾನಿಗಳು ಮಿಲಾನಿನ್ಯಾಗ ಮ್ಯಾಚಿಗೆ ಮೊದಲ ಅದನ್ನ ಕೇಳಿ ಗುಣಗಲಿಕ್ಕೆ ಹತ್ತಿದ್ರು. 2006ರಾಗ ರೋಮಾದವರು ಅವರಿಂದ ಎತ್ತಿಕೊಂಡ್ರು, ಅದೇ ಬ್ಯಾಸಗ್ಯಾಗ ಇಟಲಿ ವಿಶ್ವಕಪ್ ಗೆದ್ದಾಗ ದೇಶಕ್ಕ ದೇಶನ ಅದನ್ನ ಹಾಡ್ತು. ಹಾಡಿನ ಸಾಹಿತ್ಯ ಯಾರಿಗೂ ಬ್ಯಾಡಾತು, ಗಿಟಾರಿನ ಏಳು ಪೆಟ್ಟು ಉಳದವು.

ಆ ಏಳು ಪೆಟ್ಟು ಯಾಕ ಉಳದವು ಅನ್ನೂದನ್ನ ಹಾರ್ಮೋನಿಯಂ ಪೇಟಿ ಮುಂದ ಕೂತು ನೋಡು. ಸಾ ಸಾ ಗ ಸಾ ನಿ ಧ ಪ. ಗ, ಧ, ನಿ ಮೂರೂ ಕೋಮಲ, ಅಂದ್ರ ತುಸು ಇಳಿಸಿದ ಸ್ವರ, ನಮ್ಮ ಆಸಾವರಿ ಥಾಟಿನವು. ಸಾ ದಿಂದ ಮ್ಯಾಲ ಒಂದೇ ಹೆಜ್ಜಿ, ಕೋಮಲ ಗಂಧಾರಕ್ಕ. ಆಮ್ಯಾಲ ಮೆಟ್ಟಲು ಇಳದಾಂಗ ಕೆಳಗಿನ ಪಂಚಮಕ್ಕ ಬಂದು ನಿಲ್ಲತದ. ಎಲ್ಲಾ ಕೂಡಿ ಒಂದು ಸಪ್ತಕದಷ್ಟೂ ಇಲ್ಲ. ಶ್ರುತಿಜ್ಞಾನ ಇಲ್ಲದವನೂ ಇಳಿಯೂ ಧಾಟಿ ಹಿಡೀತಾನ, ಏರೂ ಧಾಟಿಗೆ ದಮ್ಮು ಬೇಕು. ಈ ಮೂರು ಗುಣ ನೋಡಿ ಧಾಟಿ ಆರಿಸು: ಅಂತರ ಸಣ್ಣದು, ಇಳಕಲಿನ ನಡಗಿ, ಕೊನೀಗೆ ಉಸರು ತಗೊಳ್ಳಲಿಕ್ಕೆ ಜಾಗಾ. ಸಿನಿಮಾ ಹಾಡು ಬೇಕಂದ್ರ ಪಲ್ಲವಿಯ ಮೊದಲ ಸಾಲಷ್ಟ ತಗೋ. ಚರಣ ಮುಟ್ಟಬ್ಯಾಡ, ಅಲ್ಲೆ ತಾರ ಸಪ್ತಕಕ್ಕ, ಅಂದ್ರ ಮ್ಯಾಲಿನ ಸ್ವರಕ್ಕ ಹೋಗ್ತದ, ನಲವತ್ತರಾಗ ಮೂವತ್ತು ಮಂದಿಯ ದನಿ ಒಡೀತದ.

ಮುಂದ ಹಾಡಾವ ಮಾಡೂ ದೊಡ್ಡ ತಪ್ಪಂದ್ರ ಎತ್ತರಕ್ಕ ಎತ್ತೂದು. ತನಗ ಆರಾಮ ಅನಸೂಕಿಂತ ಎರಡು ಸ್ವರ ಕೆಳಗಿಂದ ಎತ್ತಲಿ. ಉಮೇದಿನ್ಯಾಗ ಮಂದಿ ತಾವ ಏರಸ್ತಾರ. ಲಯಕ್ಕೂ ಅದೇ ಮಾತು. ಮಿನಿಟಿಗೆ 90-100ಕ್ಕ ಸುರು ಆದದ್ದು ಐದು ಸಲ ಹೇಳೂದ್ರಾಗ 130ಕ್ಕ ಹೋಗಿರ್ತದ, ಶಬ್ದ ಒಂದರ ಮ್ಯಾಲೊಂದು ಬಿದ್ದು ಗದ್ದಲ ಆಗ್ತದ. ಹಲಗಿಯವ ಓಟದ ಹುಡುಗ ಇರಬಾರದು, ಭಜನ್ಯಾಗ ತಾಳ ಹಿಡದು ರೂಢಿ ಇದ್ದವ ಇರಬೇಕು.

ಶಬ್ದ ಕಟ್ಟೂದ್ರಾಗ ಕನ್ನಡಕ್ಕ ಒಂದು ಸೌಕರ್ಯ ಅದ. ನಮ್ಮ ಮಾತು ಹೆಚ್ಚಾಗಿ ಸ್ವರಕ್ಕ ಮುಗೀತಾವ. ವ್ಯಂಜನಕ್ಕ ಮುಗಿಯೂ ಮಾತು ಬಯಲಿನ್ಯಾಗ ಕತ್ತರಿಸಿ ಹೋಗ್ತದ, ಸ್ವರ ಮಾತ್ರ ಎಳದಷ್ಟು ಎಳೀತದ. ಆ, ಓ, ಏ ದೂರ ಹೋಗ್ತಾವ, ಇ ಮತ್ತ ಉ ತೆಳ್ಳಗ. ಸಾಲಿನ ಕೊನೀ ಶಬ್ದ ಆ ಇಲ್ಲಾ ಓ ಇರಲಿ. ಮುಂದಿನವ 'ಚೆಂಡು ಯಾರದೋ' ಅಂದ್ರ ಎಂಟು ಮಾತ್ರಾ, ಕೆರವಾ ತಾಳಕ್ಕ ಸರಿ. ಎಲ್ಲಾರೂ 'ನಮ್ಮದೋ' ಅಂದ್ರ ಐದು ಮಾತ್ರಾ, ಮೂರು ಖಾಲಿ ಉಳೀತಾವ. ಆ ಮೂರೂ ಮಾತ್ರಾ ಉಸರಿಗೆ ಬೇಕು. ಖಾಲಿ ಬಿಡದ ತುಂಬಿದ ಸಾಲು ನಾಲ್ಕನೇ ಸರ್ತಿಗೆ ಮಂದೀನ ದಣಸ್ತದ.

ಊರ ಹೆಸರನ್ನೂ ತೂಗಿ ನೋಡು. ಹುಬ್ಬಳ್ಳಿ: ಗುರು, ಗುರು, ಲಘು. ಕೊನೀದನ್ನ ಎಳದ್ರ ಹುಬ್-ಬಳ್-ಳೀ, ಮೂರು ಸಮ ಪೆಟ್ಟು, ನಾಲ್ಕನೇದು ಖಾಲಿ. ಗ್ಯಾಲರಿಗೆ ಹೇಳಿ ಮಾಡಿಸಿದಾಂಗ ಅದ. ಹಾವೇರಿ ಹಾಂಗ. ಧಾರವಾಡ ಮೂರು-ಮೂರು ಮಾತ್ರಾ, ದಾದರಾ ತಾಳದ ನಡಗಿ. ಅದನ್ನ ನಾಲ್ಕು ಪೆಟ್ಟಿಗೆ ತುರಕಿದ್ರ ಕುಂಟತದ, ಬಾಯಿಮಾತಿನ್ಯಾಗ ಅಂದಾಂಗ 'ಧಾರ್-ವಾ-ಡಾ' ಅಂದ್ರಷ್ಟ ಕೂಡ್ತದ. ಗದಗ ಮೂರೂ ಲಘು, ಹಲಗಿಯ ಉರುಳಿಕಿಗೆ ಚಲೋ.

ಎದುರಿನವರನ್ನ ಕಾಡಸಬೇಕು, ಅದು ಆಟದ ಭಾಗ. ಹ್ಯಾಂಗ ಅನ್ನೂದನ್ನ ನಮ್ಮ ಗೀಗೀ ಪದ ಹಾಡೂ ಮೇಳದ ಹರದೇಶಿ-ನಾಗೇಶಿ ಪಂಗಡಗಳಿಂದ ಕಲೀರಿ. ರಾತ್ರಿಯಿಡೀ ಸವಾಲು-ಜವಾಬು ನಡೀತದ. ಗಂಡು ಹೆಚ್ಚು ಅಂತ ಇವರು, ಹೆಣ್ಣು ಹೆಚ್ಚು ಅಂತ ಅವರು ವಾದಾ ಮಾಡ್ತಾರ. ಮುಂದಿನವ ಒಂದು ನುಡಿ ಎತ್ತತಾನ, ಹಿಮ್ಮೇಳ ಅದನ್ನ ಎತ್ತಿ ಹಿಡೀತದ. ನಿಮ್ಮ ಮೇಳದ ಕಟ್ಟೂ ಅದೇ ಇರಲಿ. ಅವರ ಗೋಲ್‌ಕೀಪರ್ ಚೆಂಡು ಬಿಟ್ಟದ್ದನ್ನ ಹಾಡ್ರಿ, ಅವರ ಊರ ಬಸ್ಸಿನ ಹೊತ್ತನ್ನ ಹಾಡ್ರಿ. ಜಾತಿ, ಮೈಬಣ್ಣ, ತಾಯಿ, ಅಕ್ಕತಂಗಿ ಯಾರ ಬಾಯಾಗೂ ಬರಬಾರದು. ದೊಡ್ಡ ಪಂದ್ಯದಾಗ ಇದಕ್ಕ ಮೂರು ಹಂತದ ನಿಯಮ ಅದ: ಮೊದಲ ಆಟ ನಿಲ್ಲಿಸಿ ಸೂಚನಾ, ಆಮ್ಯಾಲ ಆಟಗಾರರನ್ನ ಹೊರಗ ಕರಕೊಂಡು ಹೋಗೂದು, ಮೂರನೇದಕ್ಕ ಪಂದ್ಯನ ಬರಖಾಸ್ತು. ನಲವತ್ತರಾಗ ಒಬ್ಬ ಬೈದ್ರೂ ಮೇಳ ಬೈದಾಂಗ. ಅವನ್ನ ಅಲ್ಲೇ ಕೂಡಸ್ರಿ.

ಸೀಟಿ ಒಯ್ಯಬ್ಯಾಡ್ರಿ. ಪ್ರೇಕ್ಷಕರ ಸೀಟಿಯಿಂದ ಆಟಕ್ಕ ಅಡ್ಡಿ ಆತು ಅಂತ ಅನಸಿದ್ರ ರೆಫರಿ ಆಟ ನಿಲ್ಲಿಸಿ ಡ್ರಾಪ್ ಬಾಲ್ ಕೊಡ್ತಾನ, ಅಂದ್ರ ಚೆಂಡು ತಾನ ಕೆಳಗ ಬಿಟ್ಟು ಆಟ ಮತ್ತ ಸುರು ಮಾಡ್ತಾನ. ನಿಮ್ಮ ಆಟಗಾರನೇ ಗೋಲು ಹೊಡೀಲಿಕ್ಕೆ ಹೊಂಟಿದ್ರೂ ಅಷ್ಟ. ಪುಂಗಿಯಂಥ ವುವುಝೆಲಾನೂ ಬ್ಯಾಡ. 2010ರ ದಕ್ಷಿಣ ಆಫ್ರಿಕಾದ ವಿಶ್ವಕಪ್ಪಿನ್ಯಾಗ ಅದು ಪೇಟಿಯ ಕರಿ ಐದರ (ಐದನೇ ಕರಿ ಮನಿಯ) ಹತ್ತಿರದ ಒಂದೇ ಸ್ವರದಾಗ 90 ಮಿನಿಟು ಗುಂಯ್‌ಗುಟ್ಟಿ ಉಳದ ದೇಶದವರ ಹಾಡನ್ನೆಲ್ಲಾ ನುಂಗಿತು. ಸಂತೋಷಕ್ಕೂ ಅದೇ ಸ್ವರ, ಭಯಕ್ಕೂ ಅದೇ ಸ್ವರ. ಗೋಲು ಆತೋ ತಪ್ಪಿತೋ ಕಣ್ಣು ಮುಚ್ಚಿ ಕೂತವಗ ತಿಳೀಲಿಲ್ಲಂದ್ರ ಅದು ಗ್ಯಾಲರಿಯ ಸದ್ದಲ್ಲ.

ಯಾವಾಗ ಹಾಡಬೇಕು? ಗೆಲ್ಲೂವಾಗ ಯಾರರೆ ಹಾಡ್ತಾರ. ನಿಮ್ಮ ಮ್ಯಾಲ ಗೋಲು ಬಿದ್ದ ಮರುಗಳಿಗಿ, ಚೆಂಡು ನಡುವಿನ ಗೆರಿಗೆ ಬರೂದ್ರೊಳಗ ಹಲಗಿ ಬೀಳಬೇಕು. ಆಟಗಾರ ತಲಿ ಎತ್ತಿ ನೋಡೂದು ಆಗನ. ಕಡೀ ಹತ್ತು ಮಿನಿಟಿಗೆ ದಮ್ಮು ಉಳಿಸಿಕೋಳ್ರಿ, ಮೊದಲ ಅರ್ಧದಾಗ ಹತ್ತು ಮಿನಿಟು ಹಾಡಿದ್ರ ಐದು ಮಿನಿಟು ಬರೇ ಚಪ್ಪಾಳಿ. ನಿಮ್ಮ ಪೆನಾಲ್ಟಿಗೆ ಪೂರಾ ಸುಮ್ಮಕಿರ್ರಿ, ಒದಿಯಾವಗ ಅವನ ಉಸರು ಅವಗ ಕೇಳಬೇಕು. ನೋವಾದವ ಯಾವ ಟೀಮಿನವ ಇದ್ರೂ ಹಲಗಿ ನಿಲ್ಲಲಿ. ಐಸ್‌ಲ್ಯಾಂಡಿನ ಚಪ್ಪಾಳಿ ನಿಮಗ ಚಲೋ ಒಗ್ಗತದ. 2016ರ ಯುರೋ ಕಪ್ಪಿನ್ಯಾಗ ಆ ಸಣ್ಣ ದೇಶ ಎಂಟರ ಘಟ್ಟ ಮುಟ್ಟಿತು. ಆಗ ಅದರ ಜನಸಂಖ್ಯಾ ಸುಮಾರು 3.3 ಲಕ್ಷ, 2011ರ ಗಣತಿಯ ಪ್ರಕಾರ ನಮ್ಮ ಹುಬ್ಬಳ್ಳಿ-ಧಾರವಾಡನ 9 ಲಕ್ಷದ ಮ್ಯಾಲ. ಕೈ ಎರಡೂ ಚಾಚಿ, ಹಲಗಿ ಎರಡು ಪೆಟ್ಟು, ತಲಿ ಮ್ಯಾಲ ಒಂದು ಚಪ್ಪಾಳಿ, 'ಹೂ' ಅಂತ ಒಂದು ದನಿ, ಆಮ್ಯಾಲ ಮೌನ. ಆ ಮೌನಾನ ಮೊದಲಿಗೆ ನಾಲ್ಕು ಸೆಕೆಂಡು ಹಿಡೀರಿ, ಬರಬರತಾ ಕಡಿಮಿ ಮಾಡ್ರಿ. ಹುಡುಗರು ಎರಡನೇ ಚಪ್ಪಾಳಿಗೇ ಓಡಲಿಕ್ಕೆ ನೋಡ್ತಾರ, ಬಿಡಬ್ಯಾಡ. ಬೆಂಗಳೂರಿನ ಕಂಠೀರವ ಮೈದಾನದಾಗ ಬೆಂಗಳೂರು ಎಫ್‌ಸಿ ಟೀಮಿನ ಅಭಿಮಾನಿಗಳಾದ ವೆಸ್ಟ್ ಬ್ಲಾಕ್‌ನವರ ನಡುವ ಒಂದು ಮ್ಯಾಚು ನಿಂತು ಬಾ, ಬರವಣಿಗ್ಯಾಗ ಹೇಳಲಿಕ್ಕೆ ಬಾರದ್ದು ತಿಳೀತದ.

ಗಂಟಲಿಂದು. ಹಿಂದಿನ ದಿನ ಚೀರಿ ಅಭ್ಯಾಸ ಮಾಡಬ್ಯಾಡ್ರಿ. ಮ್ಯಾಚಿನ ದಿನ ಬಾಯಿ ಮುಚ್ಚಿ ಹತ್ತು ಮಿನಿಟು ಕೆಳಗಿನ ಸ್ವರದಾಗ ಗುಣಗ್ರಿ. ದಮ್ಮು ಹೊಟ್ಟಿಯಿಂದ ಬರಲಿ, ಕೊರಳಿನ ನರ ಉಬ್ಬಿತಂದ್ರ ತಪ್ಪು ಹಾಡಲಿಕ್ಕೆ ಹತ್ತೀರಿ. ನೀರು ಗುಟುಕು ಗುಟುಕಾಗಿ, ಗುಟ್ಕಾ ಬಿಲ್ಕುಲ್ ಬ್ಯಾಡ. ದನಿ ಹೋದ ಮ್ಯಾಲ ಪಿಸುಮಾತು ಆಡಿದ್ರ ಗಂಟಲಿಗೆ ಆರಾಮ ಅಂತ ಮಂದಿ ತಿಳೀತಾರ. ಹಂಗಲ್ಲ, ಪಿಸುಮಾತು ಇನ್ನೂ ಜಗ್ಗತದ, ಸುಮ್ಮಕಿರೂದ ಔಷಧ. ಹಲಗಿಯ ಬಾಜೂಕ ನಿಂತವರು ಕಿವಿಗೆ ಸ್ಪಂಜಿನ ಪ್ಲಗ್ ಹಾಕ್ಕೋಬೇಕು. 85 ಡೆಸಿಬೆಲ್ ಎಂಟು ತಾಸು ತಡಕೊಳ್ಳೂ ಕಿವಿ 100 ಡೆಸಿಬೆಲ್ ಕಾಲು ತಾಸೂ ತಡಕೊಳ್ಳೂದು ಕಷ್ಟ. ಸಣ್ಣ ಹುಡುಗರನ್ನ ಅಲ್ಲೆ ನಿಲ್ಲಸಬ್ಯಾಡ್ರಿ.

ಮೂರೇ ಹಾಡು ಕಟ್ಟರಿ, ಒಂದೊಂದಕ್ಕ ನಾಲ್ಕು ಸಾಲು. ಆಟಕ್ಕ ಮೊದಲ ಒಂದು ವಿಳಂಬದ್ದು (ನಿಧಾನದ್ದು), ನಡುವ ಒಂದು ಸವಾಲು-ಜವಾಬು, ಕಾರ್ನರಿಗೆ ಒಂದು ದ್ರುತ (ವೇಗದ್ದು). ಬರೆದು ನನಗ ಕಳಿಸು, ಮಾತ್ರಾ ಎಣಿಸಿ ತಿದ್ದಿ ಕೊಡ್ತೀನಿ. ಹಲಗಿ ಯಾರ ಕೈಯಾಗ ಕೊಡಾಂವ ಅದನ್ನೂ ಬರಿ. ಅಪ್ಪ-ಅವ್ವಗ ನಮಸ್ಕಾರ ತಿಳಿಸು.

ಇಂತಿ ನಿನ್ನ
ಕಾಕಾ